ಬಿದಿರಿನ ಬಿಲ್ಲಿನಿಂದ ಬಿಟ್ಟ ಬಾಣಗಳೆಲ್ಲ ಎಡಕ್ಕೇ ಹೋಗುತ್ತಿವೆ, ಏಕೆ?

ಪ್ರಶ್ನೆ:
ಮೂರು ತಿಂಗಳ ಹಿಂದೆ ಬಿದಿರಿನ ಬಿಲ್ಲೊಂದನ್ನು ಕೊಂಡು, ಶಿವಮೊಗ್ಗದ ಸಮೀಪದ ನಮ್ಮ ಅಡಿಕೆ ತೋಟದ ಅಂಚಿನಲ್ಲಿ, ಮಣ್ಣಿನ ದಿಬ್ಬಕ್ಕೆ ಹುಲ್ಲಿನ ಪಿಂಡಿಗಳನ್ನು ಒರಗಿಸಿ ಒಬ್ಬನೇ ಅಭ್ಯಾಸ ಮಾಡುತ್ತಿದ್ದೇನೆ. ಬಿಲ್ಲಿನ ಮೇಲೆ ‘28 ಇಂಚಿಗೆ 40 ಪೌಂಡ್’ ಎಂದು ಬರೆದಿದೆ, ಅಂದರೆ ಹೆದೆಯನ್ನು 28 ಇಂಚು ಎಳೆದಾಗ 40 ಪೌಂಡ್ ಬಲ ಬೇಕು. ನಾನು ಬಲಗೈಯವನು; ಬಾಣವನ್ನು ಎಡಮುಷ್ಟಿಯ ಮೇಲೆ, ಬಿಲ್ಲಿನ ಎಡಬದಿಗೆ ಇಟ್ಟು ಮೂರು ಬೆರಳುಗಳಿಂದ ಹೆದೆಯನ್ನು ಎಳೆಯುತ್ತೇನೆ. 15 ಮೀಟರ್ ದೂರದಿಂದ ಬಿಟ್ಟ ಬಾಣಗಳು ಗುರಿಯಿಂದ ಒಂದು ಮೊಳ ಎಡಕ್ಕೆ ನಾಟುತ್ತವೆ. ಹೆದೆ ಬಡಿದು ಎಡ ಮುಂದೋಳಿನ ಒಳಭಾಗ ಕಂದಿದೆ. ಹೆಬ್ಬೆರಳಿನಿಂದ ಎಳೆಯುವುದೇ ನಮ್ಮ ನಿಜವಾದ ಪದ್ಧತಿ ಎಂದು ಪರಿಚಯದವರೊಬ್ಬರು ಹೇಳಿದ್ದರಿಂದ ಗೊಂದಲ ಇನ್ನೂ ಹೆಚ್ಚಿದೆ.

ಉತ್ತರ 1:
ಕಲಿಯುವವರಿಗೆ 40 ಪೌಂಡ್ ಬಹಳ ಹೆಚ್ಚಾಯಿತು; 20ರಿಂದ 25 ಸಾಕು. ಹೆದೆಯನ್ನು ಪೂರ್ತಿ ಎಳೆದು, ನಡುಬೆರಳಿನ ತುದಿಯನ್ನು ಬಾಯಿಯ ಕೊನೆಗೆ ತಾಗಿಸಿ, ಐದು ಎಣಿಸುವವರೆಗೆ ತೋಳು ನಡುಗದಂತೆ ನಿಲ್ಲಲಾಗದಿದ್ದರೆ, ಆ ಬಿಲ್ಲು ನಿಮ್ಮನ್ನು ಆಳುತ್ತಿದೆ ಎಂದೇ ತಿಳಿಯಿರಿ. ಮೊದಲ ಕೆಲವು ವಾರ ಗುರಿಯ ಚಿತ್ರವನ್ನೇ ತೆಗೆದುಹಾಕಿ, ಪಿಂಡಿಯಿಂದ ಮೂರು ಮೀಟರ್ ದೂರದಲ್ಲಿ ನಿಂತು, ತೋಳಿನಿಂದಲ್ಲದೆ ಬೆನ್ನಿನ ಹಲಗೆಮೂಳೆಗಳನ್ನು ಹತ್ತಿರಕ್ಕೆ ತರುತ್ತಾ ಎಳೆಯುವುದನ್ನು ಮಾತ್ರ ರೂಢಿಸಿಕೊಳ್ಳಿ. ಮುಂದೋಳಿನ ಪೆಟ್ಟಿಗೆ ಸಾಮಾನ್ಯ ಕಾರಣ ಮೊಣಕೈಯ ಒಳಮಡಿಕೆ ಆಕಾಶ ನೋಡುತ್ತಿರುವುದು. ಮಡಿಕೆ ನೆಟ್ಟಗೆ ನಿಲ್ಲುವಂತೆ ಮೊಣಕೈಯನ್ನು ತಿರುಗಿಸಿದರೆ ಹೆದೆಗೆ ದಾರಿ ಸಿಗುತ್ತದೆ. ಅಲ್ಲಿಯವರೆಗೆ ಚರ್ಮದ ಕವಚವಿರಲಿ.

ಉತ್ತರ 2:
ಮೇಲಿನ ಸಲಹೆ ಸರಿ, ಆದರೆ ಹಗುರ ಬಿಲ್ಲಿಗೆ ಇದೇ ಬಾಣಗಳನ್ನು ಹೂಡಿದರೆ ಅವು ಇನ್ನಷ್ಟು ಎಡಕ್ಕೆ ಹೋಗುತ್ತವೆ. ಹೆದೆ ಬಿಲ್ಲಿನ ನಡುರೇಖೆಯತ್ತ ಧಾವಿಸುತ್ತದೆ, ಬಾಣವಾದರೋ ಬಿಲ್ಲಿನ ಪಕ್ಕದಲ್ಲಿ ಕುಳಿತಿರುತ್ತದೆ. ಆದ್ದರಿಂದ ಅದು ಹಾವಿನಂತೆ ಬಳುಕಿ ಬಿಲ್ಲನ್ನು ಬಳಸಿಕೊಂಡು ಹೋದರೆ ಮಾತ್ರ ನೇರ ದಾರಿಗೆ ಮರಳುತ್ತದೆ. ಬಿಲ್ಲಿನ ಬಲಕ್ಕೆ ಹೋಲಿಸಿದರೆ ಬಾಣ ಅತಿ ಗಡುಸಾಗಿದ್ದಾಗ ಬಳುಕದೆ, ನಿಮ್ಮಂತೆ ಎಡಬದಿಗೆ ಇಡುವವರಿಗೆ, ಎಡಕ್ಕೇ ಜಾರುತ್ತದೆ. ನೀವು ನಿಜಕ್ಕೂ 28 ಇಂಚು ಎಳೆಯುತ್ತಿದ್ದೀರಾ? ಇಂತಹ ಬಿಲ್ಲು ಕೊನೆಯ ಪ್ರತಿ ಇಂಚಿಗೆ ಸುಮಾರು ಎರಡೂವರೆ ಪೌಂಡ್ ಕೂಡಿಸುತ್ತದೆ. 25 ಇಂಚಿಗೇ ನಿಂತರೆ ನಿಮ್ಮ ಕೈಯಲ್ಲಿರುವುದು ಮೂವತ್ತೆರಡು ಪೌಂಡಿನ ಆಸುಪಾಸು; ಆ ಬಲಕ್ಕೆ ಈ ಬಾಣಗಳು ಅತಿ ಗಡುಸಾಗಿರಬಹುದು. ಪೂರ್ತಿ ಎಳೆದು ನಿಂತಾಗ ಇನ್ನೊಬ್ಬರಿಂದ ಬಾಣದ ಮೇಲೆ ಗುರುತು ಹಾಕಿಸಿ ಅಳೆಯಿರಿ. ಯಾವ ಕಾರಣಕ್ಕೂ ಬಾಣವಿಲ್ಲದೆ ಹೆದೆಯನ್ನು ಬಿಡಬೇಡಿ. ಬಾಣ ಒಯ್ಯಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ತಿರುಗಿ, ಬಿದಿರು ಸೀಳಬಹುದು.

ಉತ್ತರ 3:
ಹೆಬ್ಬೆರಳಿನ ಪದ್ಧತಿ ಏಷ್ಯಾದ ಹಲವೆಡೆ ಇತ್ತು. ಹೆದೆ ಎಳೆಯಲು ಹೆಬ್ಬೆರಳಿಗೆ ತೊಡುತ್ತಿದ್ದ, ಮೊಘಲರ ಕಾಲದ ಕಲ್ಲಿನ ಉಂಗುರಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ಏಕಲವ್ಯನ ಕಥೆಯ ಕ್ರೌರ್ಯ ಪೂರ್ತಿ ತಟ್ಟುವುದೂ ಹೆಬ್ಬೆರಳಿನಿಂದ ಎಳೆಯುವವರಿಗೇ ಎಂದು ನನಗೆ ಅನಿಸುತ್ತದೆ. ಆದರೆ ಆ ಪದ್ಧತಿಯಲ್ಲಿ ಬಲಗೈಯವರು ಬಾಣವನ್ನು ಬಿಲ್ಲಿನ ಬಲಬದಿಗೆ ಇಡಬೇಕು, ಉಂಗುರವನ್ನು ಬೆರಳಿನ ಅಳತೆಗೆ ಮಾಡಿಸಬೇಕು. ಎರಡನ್ನೂ ಬೆರೆಸಿ ಕಲಿಯಬೇಡಿ. ಸದ್ಯಕ್ಕೆ ಮೂರು ಬೆರಳೇ ಇರಲಿ.

ಪ್ರಶ್ನೆ ಕೇಳಿದವರು:
ತಮ್ಮನಿಂದ ಗುರುತು ಹಾಕಿಸಿದೆ. 25 ಇಂಚಿಗಿಂತ ಕೂದಲೆಳೆಯಷ್ಟು ಕಡಿಮೆಯೇ ಬಂತು. ಹಗುರವಾದ ಬಿಲ್ಲನ್ನೂ ಅದಕ್ಕೆ ತಕ್ಕ ಮೆದು ಬಾಣಗಳನ್ನೂ ಹುಡುಕುತ್ತೇನೆ. ಈಗಿನ ಬಾಣಗಳಿಗೆ ಪ್ಲಾಸ್ಟಿಕ್ ರೆಕ್ಕೆಗಳಿದ್ದು, ಪ್ರತಿ ಸಲವೂ ಮುಷ್ಟಿಯನ್ನು ಗೀರುತ್ತವೆ. ಇದು ಸಹಜವೇ?

ಉತ್ತರ 2:
ಅಲ್ಲ. ಕೈಯ ಮೇಲಿಟ್ಟು ಬಿಡುವ ಬಾಣಕ್ಕೆ ಹಕ್ಕಿಯ ಗರಿಯೇ ಬೇಕು. ಗರಿ ತಾಗಿದೊಡನೆ ಮಡಚಿಕೊಂಡು ಹಾದುಹೋಗುತ್ತದೆ, ಪ್ಲಾಸ್ಟಿಕ್ ತಾಗಿ ಬಾಣವನ್ನೇ ಆಚೆಗೆ ತಳ್ಳುತ್ತದೆ. ಹೊಸ ಬಾಣ ಕೊಳ್ಳುವಾಗ ಗರಿಯದ್ದನ್ನೇ ಕೇಳಿ.