ಕಿಟಕಿ ಮುಚ್ಚಿದರೂ ರಸ್ತೆ ಸದ್ದು ಒಳಗೇ ಇದೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ. ನಮ್ಮ ಮಲಗುವ ಕೋಣೆಯ ಕಿಟಕಿ ರಸ್ತೆ ಕಡೆಗಿದೆ. ಅಲ್ಯೂಮಿನಿಯಂ ಸ್ಲೈಡಿಂಗ್, 4 ಮಿ.ಮೀ. ಗಾಜು. ರಾತ್ರಿ ಲಾರಿ, ಬೈಕು, ಹಾರ್ನು ಎಲ್ಲಾ ಮಂಚದ ಪಕ್ಕದಲ್ಲೇ ಹೋದ ಹಾಗೆ ಕೇಳಿಸುತ್ತದೆ. ಗಾಜಿನ ಅಂಗಡಿಯವರು ಡಬಲ್ ಗ್ಲಾಸ್ ಹಾಕಿಸಿ, ಸದ್ದು ಪೂರ್ತಿ ನಿಲ್ಲುತ್ತದೆ ಅಂತಾರೆ. ಮನೆಯವರು ದಪ್ಪ ಪರದೆ ಸಾಕು ಅಂತಾರೆ. ಖರ್ಚು ಮಾಡೋಕೆ ತಯಾರಿದ್ದೀವಿ, ಆದರೆ ಮಾಡಿದ ಮೇಲೆ ದುಡ್ಡು ಸುಮ್ನೆ ಹೋಯ್ತಲ್ಲಾ ಅನ್ನಿಸಬಾರದು. ಕಿಟಕಿ ಕೆಲಸ ಮಾಡುವವರು ಯಾರಾದರೂ ಇದ್ದರೆ ಹೇಳಿ ಸರ್.

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಪಕ್ಕಕ್ಕಿಡಿ. ಸದ್ದು ಗಾಜಿನಿಂದ ಬರುತ್ತಿದೆಯೋ ಸಂದಿನಿಂದ ಬರುತ್ತಿದೆಯೋ ಅನ್ನೋದು ಮೊದಲು ಗೊತ್ತಾಗಬೇಕು. ನೀವು ಸ್ಲೈಡಿಂಗ್ ಅಂದ ಕೂಡಲೇ ನನ್ನ ಅನುಮಾನ ಸಂದಿನ ಮೇಲೇ ಹೋಗುತ್ತದೆ. ಸ್ಲೈಡಿಂಗ್ ಬಾಗಿಲು ಸಲೀಸಾಗಿ ಓಡಬೇಕು ಅಂದರೆ ಸುತ್ತ ಸ್ವಲ್ಪ ಸಡಿಲ ಬಿಡಲೇಬೇಕು. ಆ ಸಡಿಲವನ್ನು ಮುಚ್ಚೋಕೆ ಬ್ರಷ್ ಪಟ್ಟಿ ಹಾಕಿರುತ್ತಾರೆ. ಅದು ಧೂಳು ತಡೆಯುತ್ತದೆ, ಸದ್ದು ತಡೆಯುವುದು ಅಷ್ಟಕ್ಕಷ್ಟೇ. ನಾಲ್ಕೈದು ವರ್ಷ ಕಳೆದರೆ ಕೂದಲು ಸವೆದು ಅದೂ ಹೆಸರಿಗೆ ಮಾತ್ರ ಇರುತ್ತದೆ.

ಒಂದು ಲೆಕ್ಕ ಕೊಡ್ತೀನಿ. ಕಿಟಕಿ 1.2 ಮೀಟರ್ ಅಗಲ, 1.2 ಮೀಟರ್ ಎತ್ತರ ಅಂದುಕೊಳ್ಳಿ. ಸುತ್ತಳತೆ 480 ಸೆಂ.ಮೀ. ಸುತ್ತಲೂ ಬರೀ 3 ಮಿ.ಮೀ. ಸಂದು ಇದೆ ಅಂದರೆ ಒಟ್ಟು 144 ಚದರ ಸೆಂ.ಮೀ. ತೂತು ಆಯ್ತು. ಅದು ಇಡೀ ಕಿಟಕಿಯ ನೂರರಲ್ಲಿ ಒಂದು ಪಾಲು. ಇಷ್ಟು ಜಾಗ ಖಾಲಿ ಬಿಟ್ಟು ಉಳಿದ 99 ಪಾಲಿಗೆ ನೀವು ಎಂಥ ಗಾಜು ಹಾಕಿಸಿದರೂ ಒಟ್ಟು ತಡೆ 20 ಡೆಸಿಬೆಲ್ ದಾಟುವುದಿಲ್ಲ. ನಿಮ್ಮ ಈಗಿನ 4 ಮಿ.ಮೀ. ಗಾಜು ತಾನೊಂದೇ ಸುಮಾರು 29 ಡೆಸಿಬೆಲ್ ತಡೆಯಬಲ್ಲದು. ಅಂದರೆ ಗಾಜಿನ ಕೈಲಿ ಆಗೋದನ್ನೇ ಸಂದು ಮಾಡೋಕೆ ಬಿಡುತ್ತಿಲ್ಲ.

ಪರೀಕ್ಷೆ ನೀವೇ ಮಾಡಬಹುದು. ತೆಳು ಕಾಗದದ ಪಟ್ಟಿಯೊಂದನ್ನು ಬಾಗಿಲಿಗೂ ಚೌಕಟ್ಟಿಗೂ ನಡುವೆ ಇಟ್ಟು ಕಿಟಕಿ ಮುಚ್ಚಿ, ಎಳೆಯಿರಿ. ಬಿಗಿಯಾಗಿ ಹಿಡಿದರೆ ಸರಿ. ಸರಕ್ಕನೆ ಬಂದರೆ ಅಲ್ಲಿ ಸದ್ದಿಗೂ ದಾರಿ ಇದೆ. ಆಮೇಲೆ ರಸ್ತೆಯಲ್ಲಿ ಗಾಡಿ ಓಡಾಡುವ ಹೊತ್ತಿಗೆ ನೀರಿನ ಪೈಪಿನ ಒಂದು ಮೊಳದ ತುಂಡು ತಗೊಂಡು, ಒಂದು ತುದಿ ಕಿವಿಗೆ ಇಟ್ಟು ಇನ್ನೊಂದು ತುದಿಯನ್ನು ಚೌಕಟ್ಟಿನ ಅಂಚಿನಲ್ಲಿ ನಿಧಾನಕ್ಕೆ ಓಡಿಸಿ. ಎಲ್ಲಿ ಸದ್ದು ದಿಢೀರ್ ಅಂತ ಜಾಸ್ತಿ ಆಗುತ್ತದೋ ಅಲ್ಲಿ ಸೀಸದ ಕಡ್ಡಿಯಲ್ಲಿ ಗುರುತು ಹಾಕಿ. ಎರಡು ಬಾಗಿಲು ನಡುವೆ ಸೇರುವ ಜಾಗ, ಕೆಳಗೆ ಚಕ್ರ ಇರುವ ಕಡೆ, ಚೌಕಟ್ಟು ಗೋಡೆಗೆ ಕೂತಿರುವ ಸುತ್ತು, ಈ ಮೂರನ್ನು ಮರೆಯಬೇಡಿ.

ಪರದೆ ವಿಷಯ: ದಪ್ಪ ಪರದೆ ಕೋಣೆಯೊಳಗಿನ ಪ್ರತಿಧ್ವನಿ ಹೀರಿಕೊಳ್ಳುತ್ತದೆ. ಖಾಲಿ ಕೋಣೆಯಾದರೆ ಕಿವಿಗೆ ಸ್ವಲ್ಪ ಹಿತ ಅನ್ನಿಸಬಹುದು. ಹೊರಗಿನ ಲಾರಿಯನ್ನು ತಡೆಯುವ ತೂಕ ಬಟ್ಟೆಗೆ ಇಲ್ಲ.

ಅದೇ ಪ್ರಶ್ನೆ ಕೇಳಿದವರು: ಮಾಡಿ ನೋಡಿದೆ ಸರ್. ನಡುವಿನ ಕೂಡಿಕೆಯಲ್ಲಿ ಕಾಗದ ಹಾಗೇ ಜಾರಿ ಬರುತ್ತದೆ, ಕೆಳಗೂ ಅಷ್ಟೇ. ಟ್ರ್ಯಾಕಿನ ಹೊರಬದಿಯಲ್ಲಿ ಸಣ್ಣ ಸಣ್ಣ ತೂತು ಬೇರೆ ಇವೆ. ಎಲ್ಲದಕ್ಕೂ ಸಿಲಿಕೋನ್ ತುಂಬಿಬಿಡಲಾ?

ಉತ್ತರ: ಆ ತೂತು ಮುಚ್ಚಬೇಡಿ! ಮಳೆ ನೀರು ಹೊರಗೆ ಹೋಗೋಕೆ ಇರೋದು ಅವು. ಮುಚ್ಚಿದರೆ ಟ್ರ್ಯಾಕ್ ತುಂಬಿ ನೀರು ಒಳಗೆ ಗೋಡೆಗೆ ಇಳಿಯುತ್ತದೆ. ಬೇಕಾದರೆ ಹೊರಗಿನಿಂದ ರೆಪ್ಪೆ ಇರುವ ಪ್ಲಾಸ್ಟಿಕ್ ಮುಚ್ಚಳ ಸಿಗುತ್ತದೆ, ನೀರು ಬಂದಾಗ ತೆರೆದುಕೊಳ್ಳುತ್ತದೆ, ಅದನ್ನು ಹಾಕಿ.

ಬ್ರಷ್ ಪಟ್ಟಿ ಪೂರ್ತಿ ಬದಲಿಸಿ. ಹಳೆಯದರ ಒಂದು ತುಂಡು ಎಳೆದು ತೆಗೆದು ಅಂಗಡಿಗೆ ತಗೊಂಡು ಹೋಗಿ. ಬುಡದ ಅಗಲ ಅದೇ ಇರಲಿ, ಕೂದಲ ಎತ್ತರ ಮಾತ್ರ ಒಂದು ಮಿ.ಮೀ.ನಷ್ಟು ಜಾಸ್ತಿ ಇರುವುದು ಕೇಳಿ. ಕೂದಲ ನಡುವೆ ತೆಳು ಪ್ಲಾಸ್ಟಿಕ್ ಹಾಳೆ ನಿಲ್ಲಿಸಿರುವ ಪಟ್ಟಿ ಇದೆ, ಅದು ಬರೀ ಕೂದಲಿಗಿಂತ ವಾಸಿ. ಬಾಗಿಲಿನ ಕೆಳಗೆ ಅಂಚಿನಲ್ಲಿ ಒಂದು ಸ್ಕ್ರೂ ಇರುತ್ತದೆ, ಅದನ್ನು ತಿರುಗಿಸಿದರೆ ಚಕ್ರ ಮೇಲೆ ಕೆಳಗೆ ಆಗುತ್ತದೆ. ಬಹಳ ಸಲ ಬಾಗಿಲು ಒಂದು ಕಡೆ ವಾಲಿರುವುದರಿಂದಲೇ ನಡುವೆ ಸಂದು ಬಿದ್ದಿರುತ್ತದೆ. ಚೌಕಟ್ಟು ಮತ್ತು ಗೋಡೆ ನಡುವಿನ ಹಳೇ ಸಿಲಿಕೋನ್ ಬಿರುಕು ಬಿಟ್ಟಿದ್ದರೆ ಅದರ ಮೇಲೇ ಇನ್ನೊಂದು ಪದರ ಬಳಿಯಬೇಡಿ. ಬ್ಲೇಡಿನಲ್ಲಿ ಕೆತ್ತಿ ತೆಗೆದು ಹೊಸದಾಗಿ ತುಂಬಿ. ಒಳಗೆ ದೊಡ್ಡ ಪೊಳ್ಳು ಇದ್ದರೆ ಸ್ಪ್ರೇ ಫೋಮ್ ಒಂದೇ ಸಾಲದು, ಅದು ತುಂಬಾ ಹಗುರ. ಅದರ ಮೇಲೆ ಸಿಮೆಂಟ್ ಗಾರೆ, ಅಂಚಿಗೆ ಸೀಲಂಟ್.

ಇಷ್ಟು ಮಾಡಿ ಒಂದು ವಾರ ಮಲಗಿ ನೋಡಿ. ಗಾಜಿನ ಮಾತು ಆಮೇಲೆ.

ಇನ್ನೊಬ್ಬರು: ನನಗೆ ಡಬಲ್ ಗ್ಲಾಸ್ ಬಗ್ಗೆ ಸ್ಪಷ್ಟ ಉತ್ತರ ಬೇಕು. ಎರಡು ಗಾಜಿನ ನಡುವೆ ನಿರ್ವಾತ ಇರುತ್ತದೆ, ಸದ್ದು ದಾಟೋಕೆ ಆಗಲ್ಲ ಅಂತ ನಮಗೆ ಹೇಳಿದರು. ನಿಜಾನಾ?

ಉತ್ತರ: ಮಾಮೂಲಿ ಡಬಲ್ ಗ್ಲಾಸಿನಲ್ಲಿ ನಿರ್ವಾತ ಇರುವುದಿಲ್ಲ. ಒಣ ಗಾಳಿ ಇರುತ್ತದೆ, ಇಲ್ಲವೇ ಆರ್ಗಾನ್ ಅನಿಲ. ಆರ್ಗಾನ್ ಬಿಸಿ ತಡೆಯೋಕೆ ಒಳ್ಳೆಯದು, ಸದ್ದಿಗೆ ಹೇಳಿಕೊಳ್ಳುವಂಥ ಲಾಭ ಇಲ್ಲ.

ಇದು ಸ್ವಲ್ಪ ಬಿಡಿಸಿ ಹೇಳಬೇಕಾದ ವಿಷಯ, ಯಾಕೆಂದರೆ ಜನ ಜಾಸ್ತಿ ದುಡ್ಡು ಕಳೆದುಕೊಳ್ಳೋದು ಇಲ್ಲೇ. 4 ಮಿ.ಮೀ. ಗಾಜು, 12 ಮಿ.ಮೀ. ಗಾಳಿ, ಮತ್ತೆ 4 ಮಿ.ಮೀ. ಗಾಜು, ಇದು ಅಂಗಡಿಯಲ್ಲಿ ಮೊದಲು ತೋರಿಸುವ ಜೋಡಿ. ಇಷ್ಟು ಕಡಿಮೆ ಅಂತರದಲ್ಲಿ ನಡುವಿನ ಗಾಳಿ ಸ್ಪ್ರಿಂಗ್ ಥರ ವರ್ತಿಸುತ್ತದೆ. ಒಂದು ಗಾಜು ಅಲುಗಿದರೆ ಇನ್ನೊಂದನ್ನೂ ಅಲುಗಿಸುತ್ತದೆ. ಈ ಜೋಡಿ ಸುಮಾರು 250 ಹರ್ಟ್ಜ್ (ಸೆಕೆಂಡಿಗೆ 250 ಕಂಪನ) ಹತ್ತಿರ ಜೊತೆಯಾಗಿ ಕಂಪಿಸುತ್ತದೆ, ಆ ಜಾಗದಲ್ಲಿ ಒಂಟಿ ಗಾಜಿಗಿಂತಲೂ ಕೆಟ್ಟದಾಗಿ ಸದ್ದು ಬಿಡುತ್ತದೆ. ಲಾರಿ, ಬಸ್ಸಿನ ಎಂಜಿನ್ ಗೊರಗೊರ ಇರೋದೂ ಅಲ್ಲೇ ಆಸುಪಾಸು. ಒಟ್ಟಾರೆ ಅಳತೆಯಲ್ಲಿ ಇದು 30–31 ಡೆಸಿಬೆಲ್. ಒಂಟಿ 4 ಮಿ.ಮೀ. ಗಾಜಿನ 29ಕ್ಕೆ ಹೋಲಿಸಿ ನೋಡಿ. ಖರ್ಚು ಮಾತ್ರ ಒಂದೆರಡು ಪಾಲು ಅಲ್ಲ.

ಆದರೂ ಡಬಲ್ ಗ್ಲಾಸ್ ಬಂದು ಸದ್ದು ಕಡಿಮೆ ಆಯ್ತು ಅನ್ನುವವರು ಬೇಕಾದಷ್ಟು ಜನ ಇದ್ದಾರೆ, ಅವರು ಸುಳ್ಳು ಹೇಳ್ತಿಲ್ಲ. ಗಾಜಿನ ಜೊತೆ ಹಳೇ ಸಡಿಲ ಕಿಟಕಿ ಹೋಗಿ ರಬ್ಬರ್ ಗ್ಯಾಸ್ಕೆಟ್ ಇರುವ, ಹಿಂಜ್ ಮೇಲೆ ತೆರೆದು ಬಿಗಿಯಾಗಿ ಕಚ್ಚಿಕೊಳ್ಳುವ ಹೊಸ ಕಿಟಕಿ ಬಂದಿರುತ್ತದೆ. ಕೆಲಸ ಮಾಡಿದ್ದು ರಬ್ಬರು, ಹೆಸರು ಬಂದದ್ದು ಗಾಜಿಗೆ.

ಒಂದೇ ಚೌಕಟ್ಟಿನಲ್ಲಿ ಡಬಲ್ ಬೇಕೇ ಬೇಕು ಅಂದರೆ ಎರಡೂ ಗಾಜು ಬೇರೆ ಬೇರೆ ದಪ್ಪದ್ದಿರಲಿ, ಅದರಲ್ಲೊಂದು ಲ್ಯಾಮಿನೇಟೆಡ್ ಇರಲಿ. ಪ್ರತಿ ದಪ್ಪಕ್ಕೂ ಒಂದು ದುರ್ಬಲ ಸ್ವರ ಇದೆ, ಆ ಸ್ವರವನ್ನು ಗಾಜು ಸಲೀಸಾಗಿ ಒಳಗೆ ಬಿಡುತ್ತದೆ; 4 ಮಿ.ಮೀ.ಗೆ 3000 ಹರ್ಟ್ಜ್ ಸುತ್ತಮುತ್ತ, 6 ಮಿ.ಮೀ.ಗೆ 2000. ಎರಡೂ ಒಂದೇ ದಪ್ಪ ಆದರೆ ಎರಡರ ತೂತೂ ಒಂದೇ ಕಡೆ ಬೀಳುತ್ತದೆ. ಲ್ಯಾಮಿನೇಟೆಡ್ ಅಂದರೆ ಎರಡು ಗಾಜಿನ ನಡುವೆ ಪಿವಿಬಿ ಅನ್ನೋ ಪ್ಲಾಸ್ಟಿಕ್ ಹಾಳೆ ಅಂಟಿಸಿರುವುದು, ಆ ಮೆತ್ತನೆ ಹಾಳೆ ಕಂಪನವನ್ನು ನುಂಗುತ್ತದೆ. ಸದ್ದಿಗೆ ಅಂತಲೇ ಮಾಡಿದ ಪಿವಿಬಿ ಕೂಡ ಇದೆ. ಟಫನ್ಡ್ ಗಾಜು ಒಡೆಯುವ ರೀತಿಯಲ್ಲಿ ಮಾತ್ರ ಬೇರೆ, ಸದ್ದಿಗೆ ಅದೂ ಮಾಮೂಲಿ ಗಾಜೂ ಒಂದೇ.

ನನ್ನನ್ನು ಕೇಳಿದರೆ ಹಳೇ ಕಿಟಕಿ ಅಲ್ಲೇ ಇರಲಿ, ಒಳಬದಿಗೆ ಇನ್ನೊಂದು ಕಿಟಕಿ ಹಾಕಿಸಿ. ನಡುವೆ 100 ಮಿ.ಮೀ. ಅಂತರ ಸಿಕ್ಕರೆ ಆ ಕಂಪಿಸುವ ಜಾಗ 250ರಿಂದ 85 ಹರ್ಟ್ಜ್ ಹತ್ತಿರಕ್ಕೆ ಇಳಿಯುತ್ತದೆ. ನಡುವಿನ ಗೋಡೆ ಅಂಚಿಗೆ ಸದ್ದು ಹೀರುವ ಫೋಮ್ ಅಂಟಿಸಿದರೆ ಇನ್ನೂ ವಾಸಿ. ಎರಡೂ ಬಿಗಿಯಾಗಿ ಮುಚ್ಚಿದರೆ 40 ಡೆಸಿಬೆಲ್ ದಾಟೋದು ಕಷ್ಟವೇನಲ್ಲ. ದುಬಾರಿ ಗಾಜಿನಿಂದ ಆಗದ ಕೆಲಸ ಇಲ್ಲಿ ಖಾಲಿ ಜಾಗದಿಂದ ಆಗುತ್ತದೆ.

ಮತ್ತೊಬ್ಬರು: 29 ಇದ್ದದ್ದು 40 ಆಯ್ತು, ಅಂದರೆ 11 ತಾನೇ ಜಾಸ್ತಿ? ಇಷ್ಟಕ್ಕೆ ಇನ್ನೊಂದು ಕಿಟಕಿನಾ?

ಉತ್ತರ: ಡೆಸಿಬೆಲ್ ಲೆಕ್ಕ ಕೂಡುವ ಲೆಕ್ಕ ಅಲ್ಲ ಸರ್. 10 ಡೆಸಿಬೆಲ್ ಕಡಿಮೆ ಆದರೆ ಒಳಗೆ ಬರುವ ಸದ್ದಿನ ಶಕ್ತಿ ಹತ್ತರಲ್ಲಿ ಒಂದು ಪಾಲಾಗುತ್ತದೆ, ಕಿವಿಗೆ ಸುಮಾರು ಅರ್ಧ ಆದ ಹಾಗೆ ಕೇಳಿಸುತ್ತದೆ. 3 ಡೆಸಿಬೆಲ್ ಆದರೆ ಹೌದೋ ಅಲ್ಲವೋ ಅನ್ನಿಸುತ್ತದೆ ಅಷ್ಟೇ. ಅದಕ್ಕೇ ಯಾರಾದರೂ ಎರಡು ಡೆಸಿಬೆಲ್ ಜಾಸ್ತಿಗೆ ಗಾಜು ಬದಲಿಸಿ ಅಂದರೆ ಬೇಡ ಅನ್ನಿ.

ಇನ್ನೊಂದು, ಕ್ಯಾಟಲಾಗಿನಲ್ಲಿ ಆರ್‌ಡಬ್ಲ್ಯು 35 (−1, −5) ಅಂತ ಬರೆದಿರುತ್ತಾರೆ. ಆರ್‌ಡಬ್ಲ್ಯು ಅಂದರೆ ಗಾಜು ಒಟ್ಟಾರೆ ಎಷ್ಟು ಡೆಸಿಬೆಲ್ ತಡೆಯುತ್ತದೆ ಅನ್ನೋ ಅಳತೆ. ಮಾರುವವರು 35 ಮಾತ್ರ ಹೇಳುತ್ತಾರೆ. ಆವರಣದ ಎರಡನೇ ಅಂಕೆ ನಗರದ ವಾಹನ ಸದ್ದಿಗೆ ಸಂಬಂಧಿಸಿದ್ದು, ಅದನ್ನು ಕಳೆಯಬೇಕು. ರಸ್ತೆ ಬದಿ ಮನೆಗೆ ಆ ಗಾಜು 30 ಅಂತ ಲೆಕ್ಕ. ಅದೂ ಪ್ರಯೋಗಾಲಯದಲ್ಲಿ ಬಂದ ಅಂಕೆ, ಗೋಡೆಯಲ್ಲಿ ಕೂರಿಸಿದ ಮೇಲೆ ಇನ್ನೂ ಕಡಿಮೆ ಬರೋದೇ ಹೆಚ್ಚು.

ಪ್ರಶ್ನೆ: ಅಣ್ಣಾ, ನಮ್ಮದು ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆಯೋಕೂ ಬಿಡಲ್ಲ. ಬಬಲ್ ಶೀಟ್, ಮೊಟ್ಟೆ ಟ್ರೇ ಆಕಾರದ ಫೋಮ್ ಅಂಟಿಸಿದರೆ ಆಗುತ್ತಾ?

ಉತ್ತರ: ಎರಡೂ ಬೇಡ. ಸದ್ದು ತಡೆಯೋಕೆ ತೂಕ ಬೇಕು, ಅವುಗಳಲ್ಲಿ ಇರೋದೇ ಗಾಳಿ. ಸಂದಿಗೆ ರಬ್ಬರ್ ಟೇಪ್, ಹೊಸ ಬ್ರಷ್ ಪಟ್ಟಿ, ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅದರ ಮೇಲೆ ಬೇಕಾದರೆ 6 ಮಿ.ಮೀ. ಅಕ್ರಿಲಿಕ್ ಹಾಳೆಯನ್ನು ಕಿಟಕಿ ಅಳತೆಗೆ ಕತ್ತರಿಸಿ, ಸುತ್ತ ಮ್ಯಾಗ್ನೆಟ್ ಪಟ್ಟಿ ಹಾಕಿ ಒಳಗಿನಿಂದ ಕೂರಿಸಬಹುದು. ಅದು ಅದೇ ದಪ್ಪದ ಗಾಜಿನ ಅರ್ಧಕ್ಕಿಂತ ಕಡಿಮೆ ತೂಗುತ್ತದೆ, ಹಾಗಾಗಿ ಗಾಜಿನಷ್ಟು ತಡೆ ನಿರೀಕ್ಷಿಸಬೇಡಿ. ಮನೆ ಬಿಡುವಾಗ ಕಿತ್ತುಕೊಂಡು ಹೋಗಬಹುದು, ಅದು ಲಾಭ. ಒಂದೇ ಷರತ್ತು, ಕತ್ತಲಲ್ಲೂ ಒಂದೇ ಎಳೆತಕ್ಕೆ ಬಿಚ್ಚುವ ಹಾಗಿರಬೇಕು. ಬೆಂಕಿ ಗಿಂಕಿ ಆದಾಗ ಕಿಟಕಿಯೇ ದಾರಿ ಆಗಬಹುದು.

ಪ್ರಶ್ನೆ: ಎಲ್ಲಾ ಮುಚ್ಚಿದರೆ ಉಸಿರಾಡೋದು ಹೇಗೆ ಸಾರ್?

ಉತ್ತರ: ಸರಿಯಾದ ಪ್ರಶ್ನೆ. ಕಿಟಕಿ ಸ್ವಲ್ಪ ತೆರೆದಿಟ್ಟರೂ ತಡೆ 10–15 ಡೆಸಿಬೆಲ್‌ಗೆ ಬಂದುಬಿಡುತ್ತದೆ, ಎಂಥ ಗಾಜಿದ್ದರೂ ಅಷ್ಟೇ. ಹಾಗಾಗಿ ರಸ್ತೆ ಕಡೆಯದನ್ನು ಮುಚ್ಚಿ, ಸದ್ದು ಕಡಿಮೆ ಇರುವ ಕಡೆಯ ಕಿಟಕಿ ತೆರೆಯಿರಿ. ಆ ಅನುಕೂಲ ಇಲ್ಲದವರಿಗೆ ಒಳಗೆ ಫೋಮ್ ಪದರ ಇರುವ, ಗಾಳಿ ಅಂಕುಡೊಂಕಾಗಿ ಸುತ್ತಿ ಬರುವ ವೆಂಟಿಲೇಟರ್ ಸಿಗುತ್ತದೆ. ಗ್ಯಾಸ್ ಒಲೆ, ಗ್ಯಾಸ್ ಗೀಸರ್ ಇರುವ ಜಾಗವನ್ನು ಮಾತ್ರ ಯಾವ ಕಾರಣಕ್ಕೂ ಪೂರ್ತಿ ಸೀಲ್ ಮಾಡಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಜೀವ ಹೋಗುತ್ತದೆ.

ಪ್ರಶ್ನೆ: ಪಕ್ಕದ ಕಟ್ಟಡದ ಜನರೇಟರ್ ಗುಂಯ್ ಅನ್ನುತ್ತದೆ, ಗಾಜು ಕೂಡ ನಡುಗುತ್ತದೆ. ನಿಮ್ಮ ಎರಡನೇ ಕಿಟಕಿಯಿಂದ ನಿಲ್ಲುತ್ತಾ?

ಉತ್ತರ: ನಡುಗುವ ಗಾಜಿನ ಬೀಡಿಂಗ್ (ಗಾಜನ್ನು ಚೌಕಟ್ಟಿಗೆ ಹಿಡಿದಿಡುವ ಪಟ್ಟಿ) ಬಿಗಿ ಮಾಡಿಸಿ, ಕಟಕಟ ನಿಲ್ಲುತ್ತದೆ. ಗುಂಯ್ ನಿಲ್ಲುವುದಿಲ್ಲ. ಅಷ್ಟು ಕೆಳಗಿನ ಸ್ವರ ಗೋಡೆ, ನೆಲದಿಂದಲೂ ಬರುತ್ತದೆ. ಜನರೇಟರ್ ಕೆಳಗೆ ರಬ್ಬರ್ ಮೌಂಟ್, ಹೊಗೆ ಕೊಳವೆಗೆ ಒಳ್ಳೆ ಸೈಲೆನ್ಸರ್, ಅಲ್ಲೇ ಆಗಬೇಕಾದ ಕೆಲಸ. ನಿಮಗೆ ಕಿಟಕಿ ಮಾರಿದರೆ ನನಗೆ ಲಾಭ, ನಿಮಗಲ್ಲ.

ಪ್ರಶ್ನೆ: ಕಿಟಕಿ ಮುಂದೆ ಗಿಡ ಬೆಳೆಸಿದರೆ?

ಉತ್ತರ: ಕಣ್ಣಿಗೆ ಚೆಂದ. ಒಂದು ಸಾಲು ಗಿಡದಿಂದ ಕಿವಿಗೆ ಗೊತ್ತಾಗುವಷ್ಟು ಸದ್ದು ಕಡಿಮೆ ಆಗಲ್ಲ.

ಮೊದಲು ಕೇಳಿದವರು: ಸರ್, ಬ್ರಷ್ ಪಟ್ಟಿ ಬದಲಿಸಿ, ಚಕ್ರ ಏರಿಸಿದ ಮೇಲೆ ಹಾರ್ನು, ಬೈಕು ನಿಜಕ್ಕೂ ಕಡಿಮೆ ಆಯ್ತು. ಲಾರಿ ಇನ್ನೂ ಇದೆ. ಒಳಗಡೆ ಎರಡನೇ ಕಿಟಕಿ ಮಾಡಿಸೋಣ ಅಂದರೆ ಗೋಡೆ ದಪ್ಪದಲ್ಲಿ 80 ಮಿ.ಮೀ. ಅಂತರ ಮಾತ್ರ ಉಳಿಯುತ್ತದೆ. ಸಾಲುತ್ತಾ?

ಉತ್ತರ: ಸಾಲುತ್ತದೆ. ಅಂತರ ಕಡಿಮೆ ಆದದ್ದನ್ನು ತೂಕದಿಂದ ಸರಿದೂಗಿಸಿ. ಒಳಗಿನ ಕಿಟಕಿಗೆ 6.38 ಮಿ.ಮೀ. ಲ್ಯಾಮಿನೇಟೆಡ್ ಹಾಕಿದರೆ 80 ಮಿ.ಮೀ.ನಲ್ಲೂ ಅದೇ 85 ಹರ್ಟ್ಜ್ ಹತ್ತಿರಕ್ಕೆ ಬರುತ್ತದೆ. ದಪ್ಪವೂ ಬೇರೆ ಆಯ್ತು, ಪಿವಿಬಿಯೂ ಬಂತು. ಒಳಗಿನದು ಸ್ಲೈಡಿಂಗ್ ಬೇಡ, ಹಿಂಜ್ ಮೇಲೆ ಕೋಣೆಯೊಳಕ್ಕೆ ತೆರೆಯುವಂತಿರಲಿ, ನಾಲ್ಕೂ ಸುತ್ತ ರಬ್ಬರ್ ಗ್ಯಾಸ್ಕೆಟ್ ಇರಲಿ, ಚಿಲಕ ಮೇಲೆ ಕೆಳಗೆ ಎರಡೂ ಕಡೆ ಕಚ್ಚಬೇಕು. ಲಾರಿ ಪೂರ್ತಿ ಹೋಗಲ್ಲ, ದೂರದಲ್ಲಿ ಹೋದ ಹಾಗೆ ಆಗುತ್ತದೆ. ಈ ಗಾಜು ಚದರ ಮೀಟರಿಗೆ ಸುಮಾರು 16 ಕೆ.ಜಿ. ತೂಗುತ್ತದೆ. ನಾನು ಮೊದಲು ಹೇಳಿದ ಅಳತೆಯ ಕಿಟಕಿಯಾದರೆ ಗಾಜೇ 23 ಕೆ.ಜಿ. ಆಯ್ತು, ಅದಕ್ಕೆ ಒಂದೇ ಬಾಗಿಲು ಮಾಡಿಸಬೇಡಿ. ಎರಡು ಮಾಡಿಸಿ, ಹಿಂಜ್ ತರುವಾಗ ಫ್ರೇಮಿನ ತೂಕವನ್ನೂ ಸೇರಿಸಿ ಹೇಳಿ.