ಕಣ್ಣು ಕಾಣದ ಸಹೋದ್ಯೋಗಿ ಬರುತ್ತಿದ್ದಾರೆ, ನಾವು ಹೇಗೆ ನಡೆದುಕೊಳ್ಳಬೇಕು?

ಪ್ರಶ್ನೆ (ಎಫ್‌ಡಿಎ, ತಾಲ್ಲೂಕು ಕಚೇರಿ):
ಮೇಡಂ ನಮಸ್ತೆ. ಬರುವ ಸೋಮವಾರ ನಮ್ಮ ಸೆಕ್ಷನ್‌ಗೆ ಹೊಸ ಎಸ್‌ಡಿಎ ಬರುತ್ತಿದ್ದಾರೆ. ಪೂರ್ತಿ ಕಣ್ಣು ಕಾಣುವುದಿಲ್ಲವಂತೆ. ಇಲ್ಲಿ ಯಾರಿಗೂ ಇಂಥವರ ಜೊತೆ ಕೆಲಸ ಮಾಡಿ ಗೊತ್ತಿಲ್ಲ. ಶಿರಸ್ತೇದಾರರು "ಪಾಪ, ಅವರಿಗೇನೂ ಕೆಲಸ ಹಚ್ಚಬೇಡಿ, ಫೋನ್ ಹತ್ತಿರ ಕೂರಿಸಿ" ಅಂದರು. ನನಗೆ ಯಾಕೋ ಸರಿ ಅನಿಸಲಿಲ್ಲ. ಆದರೆ ನಾನೇ ಏನಾದರೂ ತಪ್ಪು ಮಾತಾಡಿಬಿಟ್ಟರೆ ಅಂತ ಭಯ. ಅವರನ್ನು ಏನಂತ ಕರೆಯಬೇಕು? ಕೈ ಹಿಡಿದುಕೊಂಡು ಕರೆದುಕೊಂಡು ಹೋಗಬೇಕಾ?

ಉತ್ತರ:
ಮೊದಲು ನನ್ನ ಬಗ್ಗೆ ಒಂದು ಮಾತು. ನಾನು ಹುಟ್ಟಿದಾಗಿನಿಂದ ಕಣ್ಣು ಕಾಣದವಳು. 14 ವರ್ಷದಿಂದ ನೌಕರಿ ಮಾಡುತ್ತಿದ್ದೇನೆ, ಈಚೆಗೆ ಬೇರೆ ಬೇರೆ ಕಚೇರಿಗಳಿಗೆ ಹೋಗಿ ಇದೇ ವಿಷಯ ಹೇಳಿಕೊಡುತ್ತೇನೆ. ನನ್ನನ್ನೂ ಮೊದಲ ಆರು ತಿಂಗಳು ಫೋನ್ ಹತ್ತಿರವೇ ಕೂರಿಸಿದ್ದರು. ಆ ಫೋನ್ ದಿನಕ್ಕೆ ಮೂರು ಸಲ ರಿಂಗ್ ಆದರೆ ಜಾಸ್ತಿ.

ಅವರು ಪರೀಕ್ಷೆ ಬರೆದು, ಪಾಸಾಗಿ ಬರುತ್ತಿದ್ದಾರೆ ಅಲ್ವಾ? ಹಾಗಾದರೆ ಕೆಲಸ ಕೊಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸರ್ಕಾರಿ ನೌಕರಿಯ ಮೀಸಲಾತಿ 3ರಿಂದ 4 ಪರ್ಸೆಂಟ್‌ಗೆ ಏರಿತು. ಅದರಲ್ಲಿ 1 ಪರ್ಸೆಂಟ್ ದೃಷ್ಟಿ ಇಲ್ಲದವರಿಗೆ ಮತ್ತು ಮಂದದೃಷ್ಟಿ ಇರುವವರಿಗೆ. ಕೆಲಸ ಮಾಡಲು ಬೇಕಾದ ಹೊಂದಾಣಿಕೆ ಮಾಡಿಕೊಡುವುದೂ ಅದೇ ಕಾಯ್ದೆಯಲ್ಲಿದೆ. ಸುಮ್ನೆ ಕೂರಿಸಿ ಸಂಬಳ ಕೊಡಿ ಅಂತ ಎಲ್ಲೂ ಬರೆದಿಲ್ಲ. ಶಿರಸ್ತೇದಾರರಿಗೆ ಇಷ್ಟು ಹೇಳಿ ನೋಡಿ.

ಕರೆಯುವುದು ಹೆಸರಿಂದ, ಜೊತೆಗೆ ಒಂದು ಸರ್. ಸರ್ಕಾರಿ ಕಾಗದದಲ್ಲಿ 'ವಿಕಲಚೇತನ' ಅಂತ ಇರುತ್ತದೆ, ಕೆಲವರು 'ದಿವ್ಯಾಂಗ' ಅನ್ನುತ್ತಾರೆ. ನನಗೆ ಆ 'ದಿವ್ಯ' ಅಂದರೆ ಸ್ವಲ್ಪ ನಗು ಬರುತ್ತದೆ, ಬೇರೆಯವರಿಗೆ ಇಷ್ಟವೂ ಇರಬಹುದು. 'ಕುರುಡ' ಅಂತ ಮಾತ್ರ ಬೇಡ, ಬೈಗುಳದಂತೆ ಕೇಳಿಸುತ್ತದೆ. "ನೋಡಿ ಸರ್", "ಆಮೇಲೆ ಸಿಗೋಣ" ಅಂತೆಲ್ಲ ಧಾರಾಳವಾಗಿ ಅನ್ನಿ. ನಾನೂ ನಿನ್ನೆ ಧಾರಾವಾಹಿ ನೋಡಿದೆ ಅಂತಲೇ ಹೇಳುವುದು.

ಹತ್ತಿರ ಬಂದಾಗ ಹೆಸರು ಹೇಳಿ. ಹೊರಡುವಾಗ ಹೊರಟೆ ಅನ್ನಿ. ಇದು ಚಿಕ್ಕ ವಿಷಯ ಅನಿಸುತ್ತದೆ, ಆದರೆ ನಾನು ಖಾಲಿ ಕುರ್ಚಿಯ ಜೊತೆ ಐದು ನಿಮಿಷ ಮಾತಾಡಿದ್ದೇನೆ, ಪಕ್ಕದ ಟೇಬಲ್‌ನವರು ಕೇಳಿಸಿಕೊಂಡು ಸುಮ್ಮನಿದ್ದರು. "ನಾನ್ಯಾರು ಹೇಳಿ ನೋಡೋಣ" ಅನ್ನುವ ಆಟ ಬೇಡವೇ ಬೇಡ. ಅವರ ಜೊತೆ ತಮ್ಮನೋ ಹೆಂಡತಿಯೋ ಬಂದಿದ್ದರೆ "ಇವರಿಗೆ ಟೀಗೆ ಸಕ್ಕರೆ ಹಾಕಬೇಕಾ" ಅಂತ ಅವರನ್ನು ಕೇಳಬೇಡಿ. ಟೀ ಕುಡಿಯುವವರನ್ನೇ ಕೇಳಿ.

ಇನ್ನು ಕೈ ಹಿಡಿಯುವ ವಿಷಯ. "ಜೊತೆಗೆ ಬರಲಾ?" ಅಂತ ಕೇಳಿ. ಬೇಡ ಅಂದರೆ ಬಿಟ್ಟುಬಿಡಿ, ಬೇಜಾರಾಗಬೇಡಿ. ಹೂಂ ಅಂದರೆ ನಿಮ್ಮ ಮೊಣಕೈ ಕೊಡಿ. ಅವರು ಹಿಡಿದುಕೊಂಡು ನಿಮಗಿಂತ ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ, ನೀವು ತಿರುಗಿದ್ದು, ಮೆಟ್ಟಿಲು ಹತ್ತಿದ್ದು ಎಲ್ಲ ಅವರಿಗೆ ತಿಳಿಯುತ್ತದೆ. ನೀವೇ ಅವರ ತೋಳು ಹಿಡಿದು ಮುಂದಕ್ಕೆ ತಳ್ಳಿದರೆ ಅವರು ಮೊದಲು ಹೋಗಿ ಗುದ್ದಿಕೊಳ್ಳುತ್ತಾರೆ ಅಷ್ಟೆ. ಬಿಳಿ ಕೋಲು ಹಿಡಿದು ಎಳೆಯಬೇಡಿ. "ಅಲ್ಲಿದೆ" ಅಂದರೆ ನಮಗೆ ಏನೂ ಗೊತ್ತಾಗುವುದಿಲ್ಲ, "ನಿಮ್ಮ ಬಲಗಡೆ, ಎರಡು ಹೆಜ್ಜೆ" ಅನ್ನಿ. ಬಾಗಿಲು ಪೂರ್ತಿ ತೆರೆದಿರಲಿ, ಇಲ್ಲ ಪೂರ್ತಿ ಮುಚ್ಚಿರಲಿ. ಅರ್ಧ ತೆರೆದ ಬಾಗಿಲಿನ ಗುರುತು ನನ್ನ ಹಣೆಯ ಮೇಲೆ ಇನ್ನೂ ಇದೆ. ಸೋಮವಾರಕ್ಕೆ ಮುಂಚೆ ಓಡಾಡುವ ಜಾಗದಲ್ಲಿರುವ ಕಡತದ ಗಂಟುಗಳನ್ನು ಪಕ್ಕಕ್ಕೆ ಇಡಿಸಿ. ಆಮೇಲೆ ಟೇಬಲ್ಲು, ಬೀರು ಜಾಗ ಬದಲಿಸಿದರೆ ಅವರಿಗೆ ಹೇಳಿ.

ನಿಜವಾದ ತೊಂದರೆ ಇರುವುದು ಕಂಪ್ಯೂಟರಿನಲ್ಲಿ. ಎನ್‌ವಿಡಿಎ ಅಂತ ಪುಕ್ಕಟೆ ತಂತ್ರಾಂಶ ಇದೆ, ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ನಿಮ್ಮ ಹಳೆ ಪತ್ರಗಳೆಲ್ಲ 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಇರುತ್ತವೆ. ಕಣ್ಣಿಗೆ ಕನ್ನಡ, ಒಳಗೆ ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ನಿಮಗೆ "ಮಾನ್ಯರೇ" ಅಂತ ಕಾಣುವ ಜಾಗದಲ್ಲಿ ನಮಗೆ ಅರ್ಥವಿಲ್ಲದ ಗೊಣಗು ಕೇಳಿಸುತ್ತದೆ. ಹಾಗಾಗಿ ಇವತ್ತಿನಿಂದಲೇ ಯೂನಿಕೋಡ್‌ನಲ್ಲಿ (ಕಂಪ್ಯೂಟರ್ ಒಳಗೂ ಕನ್ನಡ ಅಕ್ಷರವಾಗಿಯೇ ಉಳಿಯುವ ವಿಧಾನ) ಟೈಪ್ ಮಾಡಿ, ನುಡಿಯಲ್ಲೇ ಅದಕ್ಕೆ ಆಯ್ಕೆ ಇದೆ. ಹಳೆಯದನ್ನು ಬದಲಿಸುವ ಪರಿವರ್ತಕಗಳೂ ಸಿಗುತ್ತವೆ. ಮೊಬೈಲಿನಲ್ಲಿ ಫೋಟೋ ತೆಗೆದು ಪಿಡಿಎಫ್ ಮಾಡಿದ ಸುತ್ತೋಲೆಯೂ ಇದೇ ಕಥೆ, ಅದು ಬರೀ ಚಿತ್ರ. ಓಸಿಆರ್ (ಚಿತ್ರದಲ್ಲಿರುವ ಅಕ್ಷರ ಗುರುತಿಸುವ ತಂತ್ರಾಂಶ) ಹಾಕಿದರೆ ಅಚ್ಚಿನ ಅಕ್ಷರ ಸುಮಾರಾಗಿ ಬರುತ್ತದೆ, ಕೈಬರಹ ಸಾಮಾನ್ಯವಾಗಿ ಕೈಕೊಡುತ್ತದೆ. ನಿಮ್ಮ ಸೆಕ್ಷನ್ ಇದೊಂದನ್ನು ಸರಿ ಮಾಡಿದರೆ, ಪತ್ರ ಬರೆಯುವುದು, ಟಪಾಲು, ಮಾಹಿತಿ ಹಕ್ಕಿನ ಉತ್ತರ ಇವುಗಳಲ್ಲಿ ಬಹಳಷ್ಟು ಅವರೇ ಮಾಡುತ್ತಾರೆ.

ಪ್ರಶ್ನೆ (ಗಾರ್ಮೆಂಟ್ಸ್ ಸೂಪರ್‌ವೈಸರ್, ಬೆಂಗಳೂರು):
ಅಕ್ಕಾ, ನನ್ನ ಲೈನ್‌ನಲ್ಲಿ ಕಿವಿ ಕೇಳದ ಹುಡುಗಿ ಇದ್ದಾಳೆ. ಎಲ್ಲರೂ 'ಮೂಗಿ' ಅಂತಾರೆ. ಕೆಲಸ ಚೆನ್ನಾಗಿ ಮಾಡುತ್ತಾಳೆ. ಏನಾದರೂ ಹೇಳಬೇಕಾದರೆ ಬೆನ್ನು ತಟ್ಟಿದರೆ ಬೆಚ್ಚಿಬೀಳುತ್ತಾಳೆ.

ಉತ್ತರ:
ಹಿಂದಿನಿಂದ ತಟ್ಟಿದರೆ ಯಾರಾದರೂ ಬೆಚ್ಚುತ್ತಾರೆ ತಮ್ಮಾ, ಅದೂ ಮಿಷಿನ್ ಸೂಜಿ ಕೆಳಗೆ ಬೆರಳು ಇರುವಾಗ. ಎದುರಿಗೆ ಬಂದು ಕೈ ಬೀಸು. ಮುಖ ಕಾಣುವಂತೆ ನಿಂತು ಮಾಮೂಲಿ ವೇಗದಲ್ಲಿ ಮಾತಾಡು, ಕಿರುಚುವುದರಿಂದ ಉಪಯೋಗ ಇಲ್ಲ. ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಹಾಕಬೇಡ, ಬರೆ. ಚಿಕ್ಕ ವಾಕ್ಯ ಬರೆ, ಸನ್ನೆ ಭಾಷೆಯಲ್ಲೇ ಬೆಳೆದವರಿಗೆ ಉದ್ದದ ಬರವಣಿಗೆ ಕಷ್ಟ ಆಗಬಹುದು. 'ಮೂಗಿ' ನಿಲ್ಲಿಸು, ಅವಳಿಗೆ ಹೆಸರಿದೆ. ದಾರ, ಬಾಬಿನ್, ನಿಲ್ಲಿಸು, ಊಟ, ಇಂಥ ಹತ್ತು ಸನ್ನೆ ಅವಳಿಂದಲೇ ಕಲಿ.

ಇದೆಲ್ಲಕ್ಕಿಂತ ಮುಖ್ಯ, ಬೆಂಕಿಯ ಸೈರನ್ ಅವಳಿಗೆ ಕೇಳುವುದಿಲ್ಲ. ಮಿನುಗುವ ದೀಪ ಹಾಕಿಸಿ ಅಂತ ಮೇಲಿನವರನ್ನು ಕೇಳು. ಅದು ಬರುವ ತನಕ ಪಕ್ಕದ ಮಿಷಿನ್‌ನವಳಿಗೆ ಜವಾಬ್ದಾರಿ ಕೊಡು, ಅವಳು ರಜೆ ಹಾಕಿದ ದಿನ ಯಾರು ಅನ್ನುವುದನ್ನೂ ಹೇಳಿಡು.

ಪ್ರಶ್ನೆ (ಎಚ್‌ಆರ್, ಖಾಸಗಿ ಕಂಪನಿ):
ಕಾಯ್ದೆ ಸರ್ಕಾರಿ ಕಚೇರಿಗಷ್ಟೇ ಅಲ್ವಾ? ನಮಗೂ ಏನಾದರೂ ಇದೆಯಾ?

ಉತ್ತರ:
ಇದೆ. ಮೀಸಲಾತಿ ನಿಮಗೆ ಕಡ್ಡಾಯ ಇಲ್ಲ. ಆದರೆ ಸಮಾನ ಅವಕಾಶ ನೀತಿ ಬರೆದು ಪ್ರಕಟಿಸಬೇಕು. 20 ಮತ್ತು ಅದಕ್ಕಿಂತ ಹೆಚ್ಚು ಜನ ಇರುವ ಖಾಸಗಿ ಸಂಸ್ಥೆಯಾದರೆ ಯಾವ ಹುದ್ದೆ, ಏನು ಸೌಲಭ್ಯ ಅನ್ನುವುದೂ ಅದರಲ್ಲಿ ಇರಬೇಕು, ಇದನ್ನೆಲ್ಲ ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನೂ ನೇಮಿಸಬೇಕು. ಇಂಟರ್‌ನೆಟ್‌ನಿಂದ ಇಳಿಸಿಕೊಂಡು ಕಂಪನಿ ಹೆಸರು ಬದಲಿಸುವವರು ಜಾಸ್ತಿ. ಒಂದು ಕಡೆ ನನಗೇ ಓದಲು ಕಳಿಸಿದ್ದರು, ತೆರೆದರೆ ಸ್ಕ್ಯಾನ್ ಮಾಡಿದ ಚಿತ್ರ.

ಮೊದಲ ಪ್ರಶ್ನೆ ಕೇಳಿದವರು, ಹತ್ತು ದಿನದ ನಂತರ:
ಮೇಡಂ, ಅವರು ಬಂದರು. ನಮಗಿಂತ ವೇಗವಾಗಿ ಟೈಪ್ ಮಾಡುತ್ತಾರೆ! ಟಪಾಲು ಅವರಿಗೇ ಕೊಟ್ಟಿದ್ದಾರೆ. ಒಂದೇ ತೊಂದರೆ, ಹಾಜರಿ ಪುಸ್ತಕದಲ್ಲಿ ಅವರ ಸಹಿ ಪಕ್ಕದವರ ಸಾಲಿಗೆ ಹೋಗುತ್ತಿದೆ. ನಾನು ಕೈ ಹಿಡಿದು ಮಾಡಿಸುತ್ತಿದ್ದೇನೆ, ಅದು ಅವರಿಗೆ ಇಷ್ಟ ಇಲ್ಲ ಅನಿಸುತ್ತದೆ.

ಉತ್ತರ:
ಇಷ್ಟ ಇರುವುದಿಲ್ಲ. ಹಳೇ ಎಟಿಎಂ ಕಾರ್ಡ್ ಅಥವಾ ಗಟ್ಟಿ ರಟ್ಟು ತೆಗೆದುಕೊಳ್ಳಿ, ನಡುವೆ ಸಹಿ ಹಿಡಿಯುವಷ್ಟು ಉದ್ದದ ಕಿಂಡಿ ಕತ್ತರಿಸಿ. ಅದನ್ನು ಸರಿಯಾದ ಸಾಲಿನ ಮೇಲೆ ಇಟ್ಟುಕೊಟ್ಟರೆ ಸಾಕು, ಕಿಂಡಿಯ ಅಂಚು ಬೆರಳಿಗೆ ಸಿಗುತ್ತದೆ, ಅವರೇ ಮಾಡುತ್ತಾರೆ. ಕತ್ತರಿಸುವ ಮೊದಲು ಅವರ ಹತ್ತಿರವೇ ಒಂದು ಇದೆಯಾ ಕೇಳಿ. ನನ್ನ ಬ್ಯಾಗಿನಲ್ಲಿ ಎರಡಿವೆ, ಬ್ಯಾಂಕಿನವರು ಕೇಳಲಿಲ್ಲ ಅಂತ ಎಷ್ಟೋ ದಿನ ಹೊರಗೆ ತೆಗೆದೇ ಇರಲಿಲ್ಲ.