ಹೂಜಿ ಗಿಡಕ್ಕೆ ಎಲೆ ಬರುತ್ತಿದೆ, ಹೂಜಿ ಬರುತ್ತಿಲ್ಲ. ಇದು ಯಾವ ಜಾತಿ, ತಪ್ಪು ಎಲ್ಲಿ?

ಕುಂಡದಂಚು (ಪ್ರಶ್ನೆ)
ನೇತು ಹಾಕಿದ ಕುಂಡದಲ್ಲಿ ನೆಪೆಂಥಿಸ್ (ಎಲೆತುದಿಯ ಹೂಜಿಯಲ್ಲಿ ಕೀಟ ಹಿಡಿಯುವ ಗಿಡ) ಇದೆ, ಚೀಟಿಯಲ್ಲಿ ‘ಅಲಾಟಾ’ ಅಂತ ಬರೆದಿದೆ. ನಾಲ್ಕು ತಿಂಗಳಲ್ಲಿ ಏಳು ಹೊಸ ಎಲೆ ಬಂದಿವೆ, ಹೂಜಿ ಒಂದೂ ಇಲ್ಲ. ಎಲೆತುದಿಯ ಬಳ್ಳಿ ಉದ್ದವಾಗುತ್ತದೆ, ಕೊನೆಯಲ್ಲಿ ಅಕ್ಕಿಕಾಳಿನಷ್ಟು ಮೊಗ್ಗು ಕಾಣಿಸಿ ಕಪ್ಪಾಗಿ ಒಣಗುತ್ತದೆ. ಮಿಶ್ರಣ: ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಸ್ವಲ್ಪ ಎರೆಗೊಬ್ಬರ. ನಲ್ಲಿ ನೀರು, ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಅಳತೆ) 310. ಕಿಟಕಿಯಿಂದ ಎರಡು ಮೀಟರ್ ಒಳಗಿದೆ. ಉಳಿದಿರುವ ಎರಡು ಹಳೆ ಹೂಜಿಗಳು ಕೆಳಗೆ ಹಸಿರು, ಮೇಲೆ ಕೆಂಪು, ನಡುವೆ ಸಣ್ಣ ಸೊಂಟ. ಇದು ಅಲಾಟಾನೇನಾ? ಮೊದಲು ಏನು ಸರಿಮಾಡಲಿ?

ಎಲೆತುದಿ
ಆ ಸೊಂಟ ನೋಡಿದರೆ ವೆಂಟ್ರಾಟಾ ಇರಬೇಕು, ಅಂದರೆ ವೆಂಟ್ರಿಕೋಸಾ ಮತ್ತು ಅಲಾಟಾ ಸೇರಿದ ಮಿಶ್ರತಳಿ. ಅಲಾಟಾ ಹೆಸರಿನಲ್ಲಿ ಹೆಚ್ಚಾಗಿ ಮಾರಾಟವಾಗುವುದು ಇದೇ. ಎರಡು ಕಡೆ ಪರೀಕ್ಷಿಸಿ. ಅಲಾಟಾದ ಎಲೆ ಬುಡದಲ್ಲಿ ಕಿರಿದಾಗಿ ತೊಟ್ಟಾಗುತ್ತದೆ, ಹೂಜಿಯ ಮುಚ್ಚಳದ ಅಡಿಯಲ್ಲಿ ಬುಡದ ಹತ್ತಿರ ಒಂದು ಏಣು ಇರುತ್ತದೆ. ವೆಂಟ್ರಿಕೋಸಾದ ಎಲೆಗೆ ತೊಟ್ಟಿಲ್ಲ, ನೇರವಾಗಿ ಕಾಂಡವನ್ನು ಅಪ್ಪಿರುತ್ತದೆ. ಮಿಶ್ರತಳಿ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ಬರೀ ಎಲೆ ನೋಡಿ ಖಚಿತವಾಗಿ ಹೇಳಬೇಡಿ. ಒಂದೇ ಗಿಡದಲ್ಲೂ ಕೆಳಗಿನ ಹೂಜಿ ಗಿಡ್ಡ, ದಪ್ಪ. ಮೇಲಿನದು ಸಪೂರ, ಅದರ ಬಳ್ಳಿ ಸುತ್ತು ಹಾಕಿರುತ್ತದೆ. ಒಂದೇ ಗಿಡವನ್ನು ಎರಡು ಜಾತಿ ಅಂದುಕೊಳ್ಳುವುದು ಹೀಗೇ.

ಪಾಚಿಬುಟ್ಟಿ
ಹೆಸರು ಆಮೇಲೆ ನೋಡೋಣ, ಎರೆಗೊಬ್ಬರವನ್ನು ಇವತ್ತೇ ತೆಗೆಯಿರಿ. ಸತ್ವವಿಲ್ಲದ ಮಣ್ಣಿಗೆ ಹೊಂದಿಕೊಂಡ ಬೇರು ಇದು, ಗೊಬ್ಬರದ ಲವಣಕ್ಕೆ ಸುಡುತ್ತದೆ. ಬೇಕಾದ ಸಾರಜನಕ ಬೇರಿನಿಂದಲೇ ಸಿಕ್ಕರೆ ಗಿಡ ಹೂಜಿ ಮಾಡುವುದೂ ಕಡಿಮೆ.

ಹೊಸ ಮಿಶ್ರಣ: ಉದ್ದ ಎಳೆಯ ಸ್ಫ್ಯಾಗ್ನಮ್ ಪಾಚಿ, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಕಾಳು) ಸಮಪಾಲು. ಪಾಚಿಯನ್ನು ಆರ್‌ಒ ನೀರಲ್ಲಿ ಅರ್ಧ ಗಂಟೆ ನೆನೆಸಿ ಹಿಂಡಿ. ಕುಂಡದಲ್ಲಿ ಒತ್ತಿ ತುಂಬಬೇಡಿ, ಗಾಳಿ ಆಡದಿದ್ದರೆ ಬೇರು ಕೊಳೆಯುತ್ತದೆ. ಬೇರು ತೊಳೆಯುವಾಗ ಗಾಬರಿಯಾಗಬೇಡಿ: ನೆಪೆಂಥಿಸ್ ಬೇರು ಹುಟ್ಟಿನಿಂದಲೇ ಕಪ್ಪು, ದಾರದಂತೆ ತೆಳು. ಕೊಳೆತಿದ್ದರೆ ಮೆತ್ತಗಾಗಿ ಬೆರಳಿಗೇ ಕಳಚಿ ಬರುತ್ತದೆ. ನೀರಿನ ಟಿಡಿಎಸ್ 50ರ ಒಳಗಿರಲಿ: ಮಳೆನೀರು, ಆರ್‌ಒ ಅಥವಾ ಡಿಸ್ಟಿಲ್ಡ್. ಮೇಲಿನಿಂದ ಹಾಕಿ, ಪೂರ್ತಿ ಬಸಿದುಹೋಗಲಿ. ತಟ್ಟೆಯ ನೀರಲ್ಲಿ ನಿಲ್ಲಿಸುವುದು ಸಾರಸೀನಿಯಾ ಎಂಬ ಬೇರೆ ಹೂಜಿ ಗಿಡಕ್ಕೆ ಸರಿ, ಇದಕ್ಕಲ್ಲ.

ಬೆಳಕಿನಕಡ್ಡಿ
ಮಿಶ್ರಣ ಬದಲಿಸಿದ ಮಾತ್ರಕ್ಕೆ ಹೂಜಿ ಬಾರದು. ಎರಡು ಮೀಟರ್ ಒಳಗೆ ನಮ್ಮ ಕಣ್ಣಿಗೆ ಬೆಳಕಿದ್ದಂತೆ ಕಂಡರೂ ಗಿಡಕ್ಕೆ ಅದು ಕತ್ತಲೆಯೇ. ಕಿಟಕಿಗೇ ತನ್ನಿ, ಬೆಳಗಿನ ಎಳೆಬಿಸಿಲು ಮೂರ್ನಾಲ್ಕು ಗಂಟೆ ಬೀಳಲಿ. ಆದರೆ ಬೇರು ಬಿಡಿಸಿ ನೆಟ್ಟ ಮೇಲೆ ಎರಡು ವಾರ ನೆರಳಿರಲಿ, ಆಮೇಲೆ ಸ್ವಲ್ಪಸ್ವಲ್ಪವೇ ಬಿಸಿಲಿಗೆ. ಮೊಗ್ಗು ಒಣಗುವುದಕ್ಕೆ ಇನ್ನೊಂದು ಕಾರಣ ಒಣಗಾಳಿ. ಮೊಗ್ಗು ಉಬ್ಬುವಷ್ಟು ವಾರಗಳೂ ತೇವಾಂಶ ಶೇ. 60ರ ಆಸುಪಾಸಿನಲ್ಲಿರಬೇಕು. ಫ್ಯಾನು, ಎಸಿಯ ನೇರ ಗಾಳಿ ತಪ್ಪಿಸಿ. ಹಾಗಂತ ಪ್ಲಾಸ್ಟಿಕ್ ಚೀಲ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ.

ಕುಂಡದಂಚು
ಪಾಚಿ ಸಿಗುವ ತನಕ ಬರೀ ಕೋಕೋಪೀಟ್ ನಡೆಯುತ್ತದಾ? ಹಳೆ ಹೂಜಿಗಳ ಒಳಗೂ ನೀರಿಲ್ಲ.

ಪಾಚಿಬುಟ್ಟಿ
ನಡೆಯುತ್ತದೆ, ತೊಳೆದರೆ. ಅದರಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣ ಉಳಿದಿರುತ್ತದೆ. ಆರ್‌ಒ ನೀರಲ್ಲಿ ರಾತ್ರಿ ನೆನೆಸಿ ಹಿಂಡಿ. ಹಿಂಡಿದ ನೀರಿನ ಟಿಡಿಎಸ್ 50ಕ್ಕೆ ಇಳಿಯುವವರೆಗೂ ಮತ್ತೆ ಮತ್ತೆ ಮಾಡಿ. ಪರ್ಲೈಟ್ ಮಾತ್ರ ಬಿಡಬೇಡಿ.

ಹಳೆ ಹೂಜಿಗೆ ಕಾಲುಭಾಗ ಡಿಸ್ಟಿಲ್ಡ್ ನೀರು ಹಾಕಿ. ಎರಡು ಮೂರು ವಾರಕ್ಕೊಮ್ಮೆ ಒಂದು ಸತ್ತ ಕೀಟ ಸಾಕು, ಮಾಂಸದ ತುಂಡು ಹಾಕಿದರೆ ಕೊಳೆತು ಹೂಜಿಯೇ ಹಾಳು. ಕಂದಾದ ಭಾಗವನ್ನಷ್ಟೇ ಕತ್ತರಿಸಿ, ಹಸಿರು ಇರುವವರೆಗೆ ಎಲೆ ಉಳಿಸಿ.

ಮೊಗ್ಗು ಒಣಗಿದ ಏಳು ಎಲೆಗಳಲ್ಲಿ ಇನ್ನು ಹೂಜಿ ಬರುವುದಿಲ್ಲ. ಇಲ್ಲಿಂದ ಮುಂದೆ ಬರುವ ಮೂರನೆಯ ಎಲೆಯನ್ನು ನೋಡಿ. ಹೂಜಿ ತೆರೆದರೆ ಮುಚ್ಚಳದ ಅಡಿಭಾಗ ಮತ್ತು ಎಲೆಯ ಬುಡ ಕಾಣುವಂತೆ ಫೋಟೋ ಹಾಕಿ, ಜಾತಿ ಆಗ ತೀರ್ಮಾನಿಸೋಣ.